ಫಿಲ್ಮ್ ನಾರ್ಮಲ್, ನೋವು ಮಾತ್ರ ಹೋಗ್ತಿಲ್ಲ: ಎಲುಬು, ಕೀಲಿನ ಎಕ್ಸ್‌ರೇ ನೋಡುವ ಬಗೆ

ನಾನು ಕಲಬುರಗಿಯಲ್ಲಿ ಎಕ್ಸ್‌ರೇ ಟೆಕ್ನಿಷಿಯನ್. ಹದಿನೆಂಟು ವರ್ಷದಿಂದ ಇದೇ ಕೆಲಸ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ಶುರುವಾದರೆ ಟ್ರ್ಯಾಕ್ಟರ್ ಟ್ರೇಲರ್ ಮೇಲಿಂದ ಬಿದ್ದವರು ಬರುತ್ತಾರೆ. ಶಹಾಬಾದ್, ಚಿತ್ತಾಪುರ ಕಡೆಯ ಕಲ್ಲಿನ ಗಣಿಗಳಿಂದ ಕಾಲು ಜಜ್ಜಿಕೊಂಡವರು ಬರುತ್ತಾರೆ. ಬೈಕಿನಿಂದ ಬಿದ್ದವರಂತೂ ವರ್ಷವಿಡೀ ಇರುತ್ತಾರೆ. ಫಿಲ್ಮ್ ಕೈಗೆ ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಅಕ್ಕಾರ, ಎಲುಬು ಮುರದದೇನ್ರಿ?"

ರಿಪೋರ್ಟ್ ಹೇಳುವುದು ಡಾಕ್ಟರ ಕೆಲಸ, ನನ್ನದಲ್ಲ. ಆದರೆ ಆ ಫಿಲ್ಮ್ ಕವರಿನಲ್ಲಿ ಮಡಚಿಕೊಂಡು ಮನೆಗೆ ಹೋಗುತ್ತದೆ. ಅಲ್ಲಿ ಕಿಟಕಿಗೆ ಹಿಡಿದು ನೋಡುತ್ತಾರೆ, ಮೊಬೈಲಿನಲ್ಲಿ ಫೋಟೋ ಹೊಡೆದು ಸಂಬಂಧಿಕರಿಗೆ ಕಳಿಸುತ್ತಾರೆ. "ಏನೂ ಆಗಿಲ್ಲ, ಉಳುಕು ಅಷ್ಟೇ" ಎಂದು ಯಾರೋ ಹೇಳುತ್ತಾರೆ. ಕಾಲು ತಿಕ್ಕಿಸಲು ಕರೆದುಕೊಂಡು ಹೋಗುತ್ತಾರೆ. ಹಾನಿ ಆಗುವುದು ಅಲ್ಲಿ. ಅದಕ್ಕೇ ಮನೆಯವರಿಗೂ, ಹೊಸದಾಗಿ ಆರೋಗ್ಯ ಕೇಂದ್ರಕ್ಕೆ ಸೇರಿದ ನರ್ಸ್ ತಂಗಿಯರಿಗೂ ಇದನ್ನು ಬರೆಯುತ್ತಿದ್ದೇನೆ. ಸುಲಭದ, ಖರ್ಚಿಲ್ಲದ ಪರೀಕ್ಷೆಗಳು ಮೊದಲು ಬರುತ್ತವೆ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಎಕ್ಸ್‌ರೇ ಅಂದರೆ ನೆರಳು. ನೆರಳಿನಲ್ಲಿ ಕಾಣದ್ದು ಎಲುಬಿನಲ್ಲಿ ಇಲ್ಲ ಎಂದು ಅರ್ಥವಲ್ಲ. ಬೆರಳಿನಿಂದ ಒತ್ತಿದಾಗ ಒಂದೇ ಜಾಗದಲ್ಲಿ ಜೀವ ಹೋಗುವಂತೆ ನೋವಾದರೆ, ಫಿಲ್ಮಿಗಿಂತ ಆ ಜಾಗವನ್ನೇ ನಂಬಿ.

ಫಿಲ್ಮ್ ನೋಡುತ್ತ ಕೂರಬಾರದ ಹೊತ್ತು

ಈ ಕೆಳಗಿನದ್ದು ಯಾವುದಾದರೂ ಕಂಡರೆ ಮುಂದೆ ಓದಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ.

- ಮುರಿದ ಜಾಗದಲ್ಲಿ ಚರ್ಮ ಹರಿದಿದೆ. ಕಾಳಿನಷ್ಟು ಚಿಕ್ಕ ತೂತು, ಅದರಿಂದ ರಕ್ತ ಸೋರುತ್ತಿದ್ದರೂ ಸಾಕು.
- ಬೆರಳುಗಳು ತಣ್ಣಗಾಗಿವೆ, ಬಿಳಿಚಿವೆ, ನೀಲಿಯಾಗಿವೆ, ಇಲ್ಲವೇ ಜೋಮು ಹಿಡಿದಿವೆ.
- ಪೆಟ್ಟು ಬಿದ್ದ ಮೇಲೆ ನೋವು ಗಂಟೆ ಗಂಟೆಗೂ ಏರುತ್ತಿದೆ, ಬೆರಳನ್ನು ಬೇರೆಯವರು ನೇರ ಮಾಡಿದರೆ ಕೂಗಿಕೊಳ್ಳುತ್ತಾರೆ.
- ಕತ್ತು, ಬೆನ್ನಿಗೆ ಪೆಟ್ಟಾಗಿ ಕೈಕಾಲಲ್ಲಿ ಶಕ್ತಿ ಇಲ್ಲ, ಮೂತ್ರ ಕಟ್ಟಿದೆ.
- ಮಗುವಿಗೆ ಜ್ವರ, ಒಂದು ಕೀಲು ಬಿಸಿಯಾಗಿ ಊದಿದೆ, ಮುಟ್ಟಲು ಬಿಡುತ್ತಿಲ್ಲ.

ಕೈ ಅಥವಾ ಕಾಲು ಹೇಗಿದೆಯೋ ಹಾಗೇ ಇಟ್ಟು, ರಟ್ಟು ಅಥವಾ ಕೋಲು ಆಧಾರ ಕೊಟ್ಟು ಸಡಿಲವಾಗಿ ಕಟ್ಟಿ. ಬಳೆ, ಉಂಗುರ, ಕಾಲುಂಗುರ ಆಗಲೇ ತೆಗೆಯಿರಿ. ಬಾವು ಬಂದ ಮೇಲೆ ಅವು ಬರುವುದಿಲ್ಲ. ಗಾಯಕ್ಕೆ ಅರಿಶಿನ, ಚಹಾಪುಡಿ ಹಾಕಬೇಡಿ. ಸ್ವಚ್ಛ ಬಟ್ಟೆ ಮುಚ್ಚಿದರೆ ಸಾಕು. ಎಳೆದು ನೇರ ಮಾಡಲು ಯಾರನ್ನೂ ಬಿಡಬೇಡಿ.

"ಫಿಲ್ಮೇ ಸರಿಯಾಗಿ ಕಾಣ್ತಿಲ್ಲ"

ಎಲ್ಲಕ್ಕಿಂತ ಅಗ್ಗದ ಪರೀಕ್ಷೆ ಇದು. ಮೊದಲು ಹೆಸರು, ವಯಸ್ಸು, ತಾರೀಖು ನೋಡಿ. ನಮ್ಮ ಕಡೆ ಒಂದೇ ಹೆಸರಿನವರು ದಿನಕ್ಕೆ ಮೂರು ಮಂದಿ ಬರುತ್ತಾರೆ, ಕವರ್ ಅದಲುಬದಲಾಗುವುದು ಉಂಟು. ಆಮೇಲೆ ಮೂಲೆಯಲ್ಲಿರುವ ಗುರುತು ನೋಡಿ: ಬಲಕ್ಕೆ ಆರ್, ಎಡಕ್ಕೆ ಎಲ್. ಆ ಅಕ್ಷರ ತಿರುಗುಮುರುಗಾಗಿ ಕಂಡರೆ ನೀವು ಫಿಲ್ಮನ್ನು ಹಿಂದುಮುಂದು ಹಿಡಿದಿದ್ದೀರಿ.

ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದರೆ ಮಧ್ಯ ಮಾತ್ರ ಬೆಳಗುತ್ತದೆ. ಹಗಲು ಬೆಳಕಿನ ಕಿಟಕಿಗೆ ಬಿಳಿ ಬಟ್ಟೆ ಕಟ್ಟಿ ಅದರ ಮುಂದೆ ಹಿಡಿಯಿರಿ. ಕಂಪ್ಯೂಟರಿನಲ್ಲಿ ಖಾಲಿ ಬಿಳಿ ಪುಟ ತೆರೆದರೂ ನಡೆಯುತ್ತದೆ. ವಾಟ್ಸಾಪ್ ಫೋಟೋ ನೋಡಿ ತೀರ್ಮಾನ ಮಾಡಬೇಡಿ. ಕೂದಲೆಳೆಯಷ್ಟು ಬಿರುಕು ಅದರಲ್ಲಿ ಮೊದಲೇ ಅಳಿಸಿಹೋಗಿರುತ್ತದೆ.

ಫಿಲ್ಮಿನಲ್ಲಿ ಐದು ಬಣ್ಣ ಅಂತ ನೆನಪಿಡಿ. ಗಾಳಿ ಕಡುಕಪ್ಪು. ಕೊಬ್ಬು ಗಾಢ ಬೂದು. ಮಾಂಸ, ರಕ್ತ, ನೀರು ತಿಳಿ ಬೂದು. ಎಲುಬು ಬಿಳಿ. ಲೋಹ ಎಲ್ಲಕ್ಕಿಂತ ಬಿಳಿ. ಎಲುಬಿನ ಸುತ್ತಲಿನ ಮಾಂಸದ ಅಂಚು ಎಲ್ಲೂ ಕಾಣದಷ್ಟು ಫಿಲ್ಮ್ ಕಪ್ಪಾಗಿದ್ದರೆ, ಅಥವಾ ಎಲುಬಿನೊಳಗಿನ ಜಾಲರಿ ಕಾಣದಷ್ಟು ಬೆಳ್ಳಗಿದ್ದರೆ, ಅಂಚು ಎರಡೆರಡಾಗಿ ಅಲುಗಾಡಿದ್ದರೆ, ಮತ್ತೆ ತೆಗೆಸಬೇಕು. ಕೇಳಲು ಸಂಕೋಚ ಬೇಡ. ಒಳ್ಳೆಯ ಟೆಕ್ನಿಷಿಯನ್ ಸಿಟ್ಟಾಗುವುದಿಲ್ಲ.

ಬೇಸಿಗೆಯ ಒಂದು ವಿಷಯ. ಈಗ ಬಹಳ ಕಡೆ ಶಾಖದಿಂದ ಮುದ್ರಿಸುವ ಫಿಲ್ಮ್ ಇದೆ. ನಮ್ಮ ಕಲಬುರಗಿಯ ಏಪ್ರಿಲ್, ಮೇ ಬಿಸಿಲಿನಲ್ಲಿ ಕಾರಿನ ಗಾಜಿನ ಹಿಂದೆಯೋ ತಗಡಿನ ಶೀಟಿನ ಕೆಳಗೋ ಇಟ್ಟರೆ ಅದು ಕಪ್ಪಾಗಿಬಿಡುತ್ತದೆ. ಬೀರುವಿನೊಳಗೆ ಇಡಿ. ಡಿಜಿಟಲ್ ಎಕ್ಸ್‌ರೇ ಆಗಿದ್ದರೆ ಸಿಡಿ ಕೇಳಿ ಪಡೆಯಿರಿ.

ಬಿಳಿ ಚುಕ್ಕೆ, ಗೆರೆ ಕಂಡರೆ ಮೊದಲು ಮೈಮೇಲಿನದನ್ನು ನೆನಪಿಸಿಕೊಳ್ಳಿ. ತಾಯತ, ಬೆಳ್ಳಿ ಉಡದಾರ, ಕುಪ್ಪಸದ ಹುಕ್ಕು, ಮಣ್ಣು ಬೆರೆತ ಲೇಪ, ಕಟ್ಟಿದ ಬ್ಯಾಂಡೇಜಿನ ಮಡಿಕೆ, ಎಲ್ಲವೂ ಫಿಲ್ಮಿನಲ್ಲಿ ಬರುತ್ತವೆ. ಜರ್ಮನಿಯ ವಿಜ್ಞಾನಿ ರಾಂಟ್ಜೆನ್ 1895ರ ನವೆಂಬರಿನಲ್ಲಿ ಈ ಕಿರಣ ಕಂಡುಹಿಡಿದು ಡಿಸೆಂಬರಿನಲ್ಲಿ ಹೆಂಡತಿಯ ಕೈಯ ಚಿತ್ರ ತೆಗೆದರಲ್ಲ, ಅದರಲ್ಲೂ ಬೆರಳಿನ ಉಂಗುರ ಎದ್ದು ಕಾಣುತ್ತದೆ, ಅದರಡಿಯ ಎಲುಬು ಮುಚ್ಚಿಹೋಗಿದೆ. ನಾವು ಉಂಗುರ ತೆಗೆಯಿರಿ ಎನ್ನುವುದು ಅದಕ್ಕೇ.

"ಒಂದೇ ಫಿಲ್ಮ್ ಕೊಟ್ಟಿದ್ದಾರೆ, ಅದರಲ್ಲಿ ಎಲ್ಲ ನೆಟ್ಟಗಿದೆ"

ಎರಡು ಜೋಳದ ದಂಟನ್ನು ಒಂದರ ಹಿಂದೆ ಒಂದು ಹಿಡಿದು ಎದುರಿಂದ ನೋಡಿ. ಒಂದೇ ದಂಟು ಕಾಣುತ್ತದೆ, ಅಲ್ವಾ? ಬದಿಯಿಂದ ನೋಡಿದರೆ ಎರಡು. ಮುರಿದ ಎಲುಬೂ ಹಾಗೇ. ಎದುರಿಂದ ತೆಗೆದ ಫಿಲ್ಮಿನಲ್ಲಿ ನೆಟ್ಟಗೆ ಕಂಡದ್ದು ಬದಿಯಿಂದ ತೆಗೆದರೆ ಪೂರ್ತಿ ಜಾರಿರುತ್ತದೆ. ಅದಕ್ಕೆ ಕಡಿಮೆ ಅಂದರೂ ಎರಡು ದಿಕ್ಕು ಬೇಕು. ಎಪಿ (ಎದುರಿಂದ), ಲ್ಯಾಟರಲ್ (ಬದಿಯಿಂದ) ಎಂದು ಚೀಟಿಯಲ್ಲಿ ಬರೆಯುವುದು ಇದನ್ನೇ.

ಇನ್ನೊಂದು ಗಮನಿಸಿ. ಉದ್ದ ಎಲುಬಿನ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಫಿಲ್ಮಿನಲ್ಲಿ ಇರಬೇಕು. ಮುಂಗೈಯ ಎರಡು ಎಲುಬಿನಲ್ಲಿ ಒಂದು ಮುರಿದು ಗಿಡ್ಡಾದರೆ ಇನ್ನೊಂದು ಮೊಣಕೈಯಲ್ಲೋ ಮಣಿಕಟ್ಟಿನಲ್ಲೋ ಜಾರಿರುವ ಸಾಧ್ಯತೆ ಇದೆ. ಮುರಿತ ಕಂಡ ಖುಷಿಯಲ್ಲಿ ಜಾರಿದ ಕೀಲನ್ನು ಬಿಟ್ಟುಬಿಡುತ್ತಾರೆ. ಒಂದು ಸಿಕ್ಕಿತು ಎಂದು ಹುಡುಕುವುದನ್ನು ನಿಲ್ಲಿಸಬಾರದು.

"ಕಪ್ಪು ಗೆರೆ ಕಾಣ್ತಿದೆ, ಇದು ಕ್ರ್ಯಾಕ್ ಇರಬಹುದಾ?"

ಎಲುಬಿನ ಹೊರ ಅಂಚನ್ನು ಪೆನ್ಸಿಲಿನಿಂದ ತಿದ್ದುವ ಹಾಗೆ ಕಣ್ಣಿನಿಂದ ಸುತ್ತು ಹಾಕಿ. ಒಳ್ಳೆಯ ಎಲುಬಿನ ಅಂಚು ಬಿಳಿಯಾಗಿ, ಎಡೆಬಿಡದೆ, ನುಣುಪಾಗಿ ಹೋಗುತ್ತದೆ. ಅದು ಕಡಿದ ಕಡೆ, ಮೆಟ್ಟಿಲಿನಂತೆ ಏರುಪೇರಾದ ಕಡೆ, ದಿಢೀರ್ ಬಾಗಿದ ಕಡೆ ನಿಲ್ಲಿ.

ಹೊಸ ಮುರಿತದ ಗೆರೆಗೆ ಅಂಚು ಹರಿತ. ಒಡೆದ ಹೆಂಚಿನ ಚೂರಿನಂತೆ, ಒಂದು ತುಂಡು ಇನ್ನೊಂದಕ್ಕೆ ಕೂಡುತ್ತದೆ. ಗೆರೆಯ ಎರಡೂ ದಂಡೆಗೆ ಬಿಳಿ ಅಂಚು ಇರುವುದಿಲ್ಲ. ಹುಟ್ಟಿನಿಂದಲೇ ಬೇರೆಯಾಗಿ ಉಳಿದ ತುಂಡು, ಹಳೆಯ ಪೆಟ್ಟಿನ ತುಂಡು ಗುಂಡಗೆ, ನುಣ್ಣಗೆ, ಸುತ್ತಲೂ ಬಿಳಿ ಅಂಚಿನೊಡನೆ ಇರುತ್ತದೆ. ಮೊಣಕಾಲ ಚಿಪ್ಪಿನ ಮೇಲಿನ ಹೊರ ಮೂಲೆಯಲ್ಲಿ ಇಂಥ ತುಂಡು ಕೆಲವರಿಗೆ ಸಹಜವಾಗಿಯೇ ಇರುತ್ತದೆ. ಒತ್ತಿದರೆ ನೋವಿಲ್ಲ.

ರಕ್ತನಾಳ ಎಲುಬಿನೊಳಗೆ ಇಳಿಯುವ ದಾರಿಯೂ ಸಣ್ಣ ಓರೆ ಗೆರೆಯಾಗಿ ಕಾಣುತ್ತದೆ. ಅದು ಒಂದೇ ಬದಿಯ ದಂಡೆಯಲ್ಲಿ ಇರುತ್ತದೆ, ಆ ಕಡೆಯಿಂದ ಈ ಕಡೆಗೆ ಹಾಯುವುದಿಲ್ಲ. ಗೆರೆ ಎಲುಬನ್ನು ದಾಟಿ ಪಕ್ಕದ ಮಾಂಸದಲ್ಲೂ ಮುಂದುವರಿದರೆ ಅದು ಎರಡು ನೆರಳು ಕೂಡಿದ್ದು, ಇಲ್ಲವೇ ಚರ್ಮದ ಮಡಿಕೆ.

ಎಲ್ಲ ಮುರಿತವೂ ಕಪ್ಪಾಗಿ ಕಾಣುವುದಿಲ್ಲ ಎಂಬುದನ್ನೂ ಮರೆಯಬೇಡಿ. ಎರಡು ತುದಿ ಒಂದರೊಳಗೊಂದು ಹೊಕ್ಕಿದರೆ ಅಲ್ಲಿ ಬಿಳಿ ಪಟ್ಟಿ ಕಾಣುತ್ತದೆ.

"ರಿಪೋರ್ಟ್ ನಾರ್ಮಲ್, ಆದರೆ ಹೆಬ್ಬೆರಳಿನ ಬುಡ ನೋಯ್ತದೆ"

ಬೀಳುವಾಗ ಅಂಗೈ ಊರಿದವರಿಗೆ ಇದು ಆಗುತ್ತದೆ. ಹೆಬ್ಬೆರಳನ್ನು ಮೇಲಕ್ಕೆತ್ತಿ. ಅದರ ಬುಡದಲ್ಲಿ, ಮಣಿಕಟ್ಟಿನ ಮಗ್ಗುಲಲ್ಲಿ, ಚಿಕ್ಕ ಗುಳಿ ಬೀಳುತ್ತದೆ. ಆ ಗುಳಿಯಲ್ಲಿ ಬೆರಳಿಟ್ಟು ಮೆಲ್ಲಗೆ ಒತ್ತಿ. ಇನ್ನೊಂದು ಕೈಯ ಗುಳಿಯನ್ನೂ ಒತ್ತಿ ಹೋಲಿಸಿ. ಪೆಟ್ಟಾದ ಕಡೆ ಮಾತ್ರ ನೋವು ಜಾಸ್ತಿ ಇದ್ದರೆ ಸ್ಕೇಫಾಯ್ಡ್ ಎಂಬ ಸಣ್ಣ ಎಲುಬು ಬಿರುಕು ಬಿಟ್ಟಿರುವ ಅನುಮಾನ.

ಗೋಡಂಬಿಯಷ್ಟೇ ಇರುವ ಈ ಎಲುಬು ಮೊದಲ ದಿನದ ಫಿಲ್ಮಿನಲ್ಲಿ ಎಷ್ಟೋ ಸಲ ಏನೂ ತೋರಿಸುವುದಿಲ್ಲ. ಬಿರುಕಿನ ದಂಡೆ ಸ್ವಲ್ಪ ಕರಗಿದ ಮೇಲೆ, ಅಂದರೆ 10ರಿಂದ 14 ದಿನಕ್ಕೆ, ಗೆರೆ ಬಿಡಿಸಿ ಕಾಣುತ್ತದೆ. ಅಲ್ಲಿಯವರೆಗೆ ಸುಮ್ನೆ ಬಿಟ್ಟರೆ ಆಗುವುದಿಲ್ಲ. ಇದಕ್ಕೆ ರಕ್ತ ಬೆರಳಿನ ಕಡೆಯ ತುದಿಯಿಂದ ಹೊಕ್ಕು ಹಿಂದಕ್ಕೆ ಹರಿಯುತ್ತದೆ. ಮಧ್ಯದಲ್ಲಿ ಮುರಿದರೆ ಹಿಂದಿನ ತುಂಡಿಗೆ ರಕ್ತ ಸಿಗದೆ ಅದು ಸಾಯಬಹುದು. ಆಮೇಲೆ ಮಣಿಕಟ್ಟು ಸವೆದು ಜೀವನಪೂರ್ತಿ ನೋವು. ರೊಟ್ಟಿ ಬಡಿಯಲು ಆಗುವುದಿಲ್ಲ, ಕುರ್ಪಿ ಹಿಡಿಯಲು ಆಗುವುದಿಲ್ಲ.

ಮಾಡಬೇಕಾದ್ದು ಇಷ್ಟು. ಡಾಕ್ಟರಿಗೆ "ಗುಳಿಯಲ್ಲಿ ನೋವಿದೆ" ಎಂದು ತೋರಿಸಿ. ಸ್ಕೇಫಾಯ್ಡಿಗೆ ಬೇರೆ ವ್ಯೂಗಳಿವೆ, ಚೀಟಿಯಲ್ಲಿ ಬರೆದರೆ ನಾವು ತೆಗೆಯುತ್ತೇವೆ. ಅದರಲ್ಲೂ ಕಾಣದಿದ್ದರೆ ಸ್ಲ್ಯಾಬ್ (ಅರ್ಧ ಪ್ಲಾಸ್ಟರ್) ಹಾಕಿ ಎರಡು ವಾರಕ್ಕೆ ಮತ್ತೊಂದು ಫಿಲ್ಮ್. ಬೇಗ ಗೊತ್ತಾಗಬೇಕಿದ್ದರೆ ಎಂಆರ್‌ಐ. ಕೂಲಿಗೆ ಹೋಗುವವರಿಗೆ ಎರಡು ವಾರ ಕೈ ಕಟ್ಟಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಆದರೂ ಕೈ ಮುಗಿದು ಹೇಳುತ್ತೇನೆ, ಇದೊಂದರಲ್ಲಿ ಅವಸರ ಮಾಡಬೇಡಿ.

"ಬಚ್ಚಲಲ್ಲಿ ಜಾರಿದರು, ಎಕ್ಸ್‌ರೇ ಸರಿ ಇದೆ, ಎದ್ದು ನಿಲ್ಲಲು ಆಗ್ತಿಲ್ಲ"

ನಮ್ಮ ದೊಡ್ಡವ್ವ ಹೀಗೇ ಜಾರಿ ಬಿದ್ದಳು. ಎಪ್ಪತ್ತು ದಾಟಿತ್ತು. ನಾನು ಊರಲ್ಲಿರಲಿಲ್ಲ. ಒಂದು ಕಡೆ ಎದುರಿನಿಂದ ಒಂದೇ ಫಿಲ್ಮ್ ತೆಗೆದು ಉಳುಕು ಎಂದು ಕಳಿಸಿದರು. ಎಣ್ಣೆ ಹಚ್ಚಿ ತಿಕ್ಕಿದರು, ಎರಡೂ ಕಡೆ ಹೆಗಲು ಕೊಟ್ಟು ನಡೆಸಿದರು. ಒಂಬತ್ತನೇ ದಿನ ನಾನು ಹೋಗಿ ನೋಡುವಾಗ ಕಾಲು ಗಿಡ್ಡಾಗಿತ್ತು, ಪಾದ ಹೊರಕ್ಕೆ ತಿರುಗಿ ಮಲಗಿತ್ತು. ಹೊಸ ಫಿಲ್ಮಿನಲ್ಲಿ ತೊಡೆ ಎಲುಬಿನ ಕತ್ತು ಪೂರ್ತಿ ಜಾರಿತ್ತು. ಮೊದಲ ದಿನದ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆ. ಬಿರುಕು ಇತ್ತು, ತೆಳ್ಳಗೆ. ಆ ದಿನವೇ ಮಲಗಿಸಿದ್ದರೆ ಮೂರು ಸ್ಕ್ರೂನಲ್ಲಿ ಮುಗಿಯಬಹುದಿತ್ತು. ಈಗ ಅರ್ಧ ಕೀಲನ್ನೇ ಬದಲಿಸಬೇಕಾಯಿತು.

ಅದಕ್ಕೇ ವಯಸ್ಸಾದವರ ವಿಷಯದಲ್ಲಿ ನನ್ನದು ಕಟ್ಟುನಿಟ್ಟು. ಮೊದಲು ಮಲಗಿಸಿ ಎರಡೂ ಹಿಮ್ಮಡಿ ಸಮ ಇವೆಯೇ ನೋಡಿ. ಪಾದ ಹೊರಗೆ ಬಿದ್ದಿದೆಯೇ ನೋಡಿ. ಮೊಣಕಾಲು ನೇರ ಇಟ್ಟು ಕಾಲನ್ನು ತಾವೇ ಎತ್ತಲು ಹೇಳಿ. ಆಗದಿದ್ದರೆ ಎಬ್ಬಿಸಬೇಡಿ. ನೋವು ತೊಡೆಸಂದಿನಲ್ಲಿ ಇಲ್ಲದೆ ಬರೀ ಮೊಣಕಾಲಲ್ಲಿ ಇದೆ ಎನ್ನುವವರೂ ಇದ್ದಾರೆ. ತೊಡೆಸಂದಿನ ಕೀಲಿನ ನೋವು ಮೊಣಕಾಲಿಗೆ ಇಳಿಯುತ್ತದೆ. ಮೊಣಕಾಲಿನ ಫಿಲ್ಮ್ ಮಾತ್ರ ತೆಗೆಸಿ ಮೋಸ ಹೋಗಬೇಡಿ.

ಫಿಲ್ಮಿನಲ್ಲಿ ನೋಡಲು ಒಂದು ಸುಲಭದ ಗುರುತಿದೆ. ತೊಡೆ ಎಲುಬಿನ ಕತ್ತಿನ ಕೆಳ ಅಂಚಿನಿಂದ ಹೊರಟು ಕೆಳಹೊಟ್ಟೆಯ ಮುಂಭಾಗದ ಎಲುಬಿನ ಅಂಚಿನವರೆಗೆ ಒಂದು ನುಣುಪಾದ ಕಮಾನು ಇರುತ್ತದೆ. ಎರಡೂ ಕಡೆ ಇದು ಒಂದೇ ಥರ ಇರಬೇಕು. ಒಂದು ಕಡೆ ಕಮಾನು ಮುರಿದಿದ್ದರೆ ಕತ್ತು ಜಾರಿದೆ ಎಂದರ್ಥ. ಹಾಗಂತ ಕಮಾನು ಸರಿ ಇದೆ ಎಂದು ನಿಶ್ಚಿಂತೆ ಬೇಡ, ಜಾರದ ಬಿರುಕಿನಲ್ಲಿ ಅದು ಸರಿಯೇ ಇರುತ್ತದೆ. ಎರಡೂ ಫಿಲ್ಮ್ ಸರಿ ಇದ್ದು ಕಾಲ ಮೇಲೆ ಭಾರ ಹಾಕಲು ಆಗದಿದ್ದರೆ ಮುಂದಿನದು ಎಂಆರ್‌ಐ ಅಥವಾ ಸಿಟಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಹೀಗೆ ಹತ್ತಿರದ ಮೆಡಿಕಲ್ ಕಾಲೇಜು ಆಸ್ಪತ್ರೆಯ ಎಲುಬಿನ ವಿಭಾಗಕ್ಕೆ ಅವತ್ತೇ ಹೋಗಿ.

"ಮಗು ಮೊಣಕೈ ಅಲುಗಾಡಿಸ್ತಿಲ್ಲ"

ಇಲ್ಲಿ ಮೊದಲು ಕಥೆ ಕೇಳಬೇಕು. ಐದು ವರ್ಷದೊಳಗಿನ ಮಗು, ಬಿದ್ದಿಲ್ಲ, ಯಾರೋ ಕೈ ಹಿಡಿದು ಎಳೆದರು, ಆಮೇಲೆ ಕೈ ಜೋತುಬಿಟ್ಟಿದೆ, ಬಾವು ಇಲ್ಲ. ಇದು ಹೆಚ್ಚಾಗಿ ಮೊಣಕೈಯ ಎಲುಬು ತನ್ನನ್ನು ಹಿಡಿದಿಡುವ ನಾರಿನ ಪಟ್ಟಿಯಿಂದ ಸ್ವಲ್ಪ ಜಾರಿದ್ದು. ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ, ಬೇಕಾಗುವುದೂ ಇಲ್ಲ. ಡಾಕ್ಟರ್ ಒಂದು ಸಲ ತಿರುಗಿಸಿದರೆ ಸ್ವಲ್ಪ ಹೊತ್ತಿಗೆ ಮಗು ಬಿಸ್ಕೀಟು ತೆಗೆದುಕೊಳ್ಳಲು ಅದೇ ಕೈ ಚಾಚುತ್ತದೆ. ಮನೆಯಲ್ಲಿ ನೀವೇ ತಿರುಗಿಸಬೇಡಿ.

ಬಿದ್ದಿದ್ದರೆ, ಬಾವು ಇದ್ದರೆ ಮಾತು ಬೇರೆ. ಮಕ್ಕಳ ಮೊಣಕೈ ಫಿಲ್ಮ್ ನೋಡಿ ಗಾಬರಿ ಆಗುವುದು ಸಹಜ, ಅಲ್ಲಿ ಎಲುಬಿನ ತುಂಡುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಅವು ಮುರಿದದ್ದಲ್ಲ, ಬೆಳೆಯುತ್ತಿರುವ ಎಲುಬಿನ ಮೊಳಕೆಗಳು. ಮೊಣಕೈಯಲ್ಲಿ ಆರು ಮೊಳಕೆ. ಸುಮಾರು 1, 3, 5, 7, 9, 11ನೇ ವರ್ಷಕ್ಕೆ ಒಂದೊಂದಾಗಿ, ಒಂದು ಕ್ರಮದಲ್ಲಿ ಮೂಡುತ್ತವೆ. ವರ್ಷ ಸ್ವಲ್ಪ ಹಿಂದೆಮುಂದೆ ಆಗಬಹುದು, ಕ್ರಮ ಸಾಮಾನ್ಯವಾಗಿ ತಪ್ಪುವುದಿಲ್ಲ. ಮೂರನೆಯದು ಇನ್ನೂ ತನ್ನ ಜಾಗದಲ್ಲಿ ಕಾಣದಿರುವಾಗ ನಾಲ್ಕನೆಯದರ ಜಾಗದಲ್ಲಿ ಒಂದು ತುಂಡು ಕಂಡರೆ, ಅದು ಮೂರನೆಯದೇ ಕಿತ್ತುಕೊಂಡು ಕೀಲಿನೊಳಗೆ ಸಿಕ್ಕಿಕೊಂಡದ್ದು ಇರಬಹುದು. ಇದನ್ನು ಡಾಕ್ಟರೇ ನೋಡಬೇಕು.

ಬದಿಯಿಂದ ತೆಗೆದ ಫಿಲ್ಮಿನಲ್ಲಿ ಎರಡು ವಿಷಯ ನೋಡಲು ಕಲಿಯಬಹುದು. ಒಂದು, ತೋಳಿನ ಎಲುಬಿನ ಕೆಳತುದಿಯ ಹಿಂದೆ ಕಪ್ಪು ತ್ರಿಕೋನದಂಥ ನೆರಳು. ಅದು ಕೊಬ್ಬು. ಸರಿಯಿರುವ, ಮಡಚಿದ ಮೊಣಕೈಯಲ್ಲಿ ಹಿಂದಿನ ಕೊಬ್ಬು ಕಾಣುವುದಿಲ್ಲ, ಗುಳಿಯಲ್ಲಿ ಅಡಗಿರುತ್ತದೆ. ಕೀಲಿನೊಳಗೆ ರಕ್ತ ತುಂಬಿದಾಗ ಅದು ಹೊರಗೆ ತಳ್ಳಲ್ಪಡುತ್ತದೆ. ಪೆಟ್ಟಾದ ಮಗುವಿನಲ್ಲಿ ಇದು ಕಂಡರೆ, ಗೆರೆ ಕಾಣದಿದ್ದರೂ ಮುರಿತ ಇದೆ ಎಂದೇ ನಡೆಸಿಕೊಳ್ಳಬೇಕು. ಎರಡು, ತೋಳಿನ ಎಲುಬಿನ ಮುಂದಿನ ಅಂಚಿಗೆ ಸ್ಕೇಲ್ ಇಟ್ಟು ಗೆರೆ ಕೆಳಗೆ ಎಳೆಯಿರಿ. ನಾಲ್ಕು ವರ್ಷ ದಾಟಿದ ಮಗುವಿನಲ್ಲಿ ಅದು ಮೊದಲ ಮೊಳಕೆಯ ನಡುಭಾಗದಲ್ಲಿ ಹಾಯಬೇಕು. ಮೊಳಕೆ ಪೂರ್ತಿ ಹಿಂದೆ ಉಳಿದರೆ ಮೊಣಕೈಯ ಮೇಲೆ ಎಲುಬು ಮುರಿದು ಹಿಂದಕ್ಕೆ ಬಾಗಿದೆ.

ಮುಂಗೈಯಲ್ಲಿ ಮಕ್ಕಳ ಎಲುಬು ಹಸಿ ಬೇವಿನ ಕಡ್ಡಿಯಂತೆ ಮುರಿಯುತ್ತದೆ: ಒಂದು ಬದಿ ಬಿರಿದು, ಇನ್ನೊಂದು ಬಾಗಿ ಉಳಿಯುತ್ತದೆ. ಕೆಲವು ಸಲ ಬಿರುಕೇ ಇಲ್ಲದೆ, ತಗಡಿನ ಡಬ್ಬಿ ಅದುಮಿದಂತೆ ಅಂಚು ಸ್ವಲ್ಪ ಉಬ್ಬಿರುತ್ತದೆ, ಅಷ್ಟೇ. ಅನುಮಾನ ಉಳಿದರೆ ಡಾಕ್ಟರು ಇನ್ನೊಂದು ಕೈಯ ಫಿಲ್ಮನ್ನೂ ಕೇಳಬಹುದು.

ಮಕ್ಕಳ ಮೊಣಕೈಯನ್ನು ತಿಕ್ಕಿಸಬೇಡಿ, ಬಿಗಿಯಾಗಿ ಕಟ್ಟಿಸಬೇಡಿ. ತಿಕ್ಕಿದ ಮಾಂಸದಲ್ಲಿ ಎಲುಬು ಬೆಳೆದು ಕೀಲು ಗಟ್ಟಿಯಾದ ಫಿಲ್ಮುಗಳನ್ನು ನಾನೇ ತೆಗೆದಿದ್ದೇನೆ. ಬಿದಿರಿನ ಪಟ್ಟಿ ಕಟ್ಟಿ ರಕ್ತ ನಿಂತು, ಬೆರಳುಗಳು ಕೊಕ್ಕೆಯಂತೆ ಒಳಗೆ ಸೆಟೆದ ಒಬ್ಬ ಹುಡುಗನ ಕೈ ಈಗಲೂ ಕಣ್ಣೆದುರು ಬರುತ್ತದೆ. ಶಾಲೆಗೆ ಹೋಗುವ ಹುಡುಗ.

"ಭುಜ ಎತ್ತಲು ಆಗ್ತಿಲ್ಲ"

ಜಾರಿದ ಭುಜ ಹೆಚ್ಚಾಗಿ ಮುಂದಕ್ಕೆ ಜಾರುತ್ತದೆ. ಭುಜದ ಗುಂಡಗಿನ ಆಕಾರ ಹೋಗಿ ಚೌಕ ಆಗುತ್ತದೆ, ಫಿಲ್ಮಿನಲ್ಲೂ ಕಣ್ಣಿಗೆ ಹೊಡೆಯುತ್ತದೆ. ತಪ್ಪುವುದು ಹಿಂದಕ್ಕೆ ಜಾರಿದ್ದು. ಮೂರ್ಛೆರೋಗ ಬಂದವರಲ್ಲಿ, ಪಂಪ್‌ಸೆಟ್ಟಿನಲ್ಲೋ ತಂತಿಯಲ್ಲೋ ಕರೆಂಟ್ ಹೊಡೆದವರಲ್ಲಿ ಇದು ಆಗುತ್ತದೆ. ಎದುರಿನ ಫಿಲ್ಮಿನಲ್ಲಿ ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ, ತೋಳಿನ ಎಲುಬಿನ ತಲೆ ಮಾತ್ರ ಬಲ್ಬಿನಂತೆ ಗುಂಡಗಾಗಿರುತ್ತದೆ. ಕೈಯನ್ನು ಹೊರಕ್ಕೆ ತಿರುಗಿಸಲು ಆಗುವುದೇ ಇಲ್ಲ. ಹಾಗಿದ್ದರೆ ಬದಿಯ ಫಿಲ್ಮ್ ಬೇಕೇ ಬೇಕು.

"ಎತ್ತರದಿಂದ ಬಿದ್ದು ಹಿಮ್ಮಡಿ ಊದಿದೆ", "ಕಾಲು ಹೊರಳಿದೆ"

ಗಣಿಯಲ್ಲಿ, ಕಟ್ಟಡದಲ್ಲಿ ಕೆಲಸ ಮಾಡುವ ಅಣ್ಣಂದಿರು ಇದನ್ನು ಓದಿ. ಎರಡು ಕಾಲ ಮೇಲೆ ಬಿದ್ದಾಗ ಹಿಮ್ಮಡಿ ಎಲುಬು ಅದುಮಿ ಚಪ್ಪಟೆಯಾಗುತ್ತದೆ. ಬದಿಯ ಫಿಲ್ಮಿನಲ್ಲಿ ಡಾಕ್ಟರ್ ಅದರ ಬೆನ್ನಿನ ಮೇಲೆ ಎರಡು ಗೆರೆ ಎಳೆದು ಕೋನ ಅಳೆಯುತ್ತಾರೆ. 20ರಿಂದ 40 ಡಿಗ್ರಿ ಇರಬೇಕು, ಕಡಿಮೆಯಾದರೆ ಕುಸಿದಿದೆ. ಅದೇ ಪೆಟ್ಟು ಮೇಲಕ್ಕೂ ಹೋಗಿರುತ್ತದೆ. ಇನ್ನೊಂದು ಹಿಮ್ಮಡಿ, ಬೆನ್ನಿನ ಕೆಳಭಾಗ ಎರಡನ್ನೂ ಒತ್ತಿ ನೋಡಿ, ನೋವಿದ್ದರೆ ಅವುಗಳ ಫಿಲ್ಮನ್ನೂ ಕೇಳಿ.

ಕಾಲು ಹೊರಳಿದವರಿಗೆಲ್ಲ ಎಕ್ಸ್‌ರೇ ಬೇಡ. ನಾಲ್ಕು ಹೆಜ್ಜೆ ಭಾರ ಹಾಕಿ ನಡೆಯಬಲ್ಲಿರಾ? ಪಾದದ ಮೇಲಿನ ಗಂಟಿನ ಎರಡೂ ಬದಿಯ ಎಲುಬಿನ ಹಿಂದಿನ ಅಂಚನ್ನು, ತುದಿಯಿಂದ ಮೇಲಕ್ಕೆ 6 ಸೆಂಟಿಮೀಟರ್ ಒತ್ತಿ. ಕಿರುಬೆರಳಿನ ಸಾಲಿನಲ್ಲಿ ಪಾದದ ಹೊರಬದಿಯ ಉಬ್ಬನ್ನೂ, ಒಳಬದಿಯಲ್ಲಿ ಗಂಟಿನ ಮುಂದಿನ ಉಬ್ಬನ್ನೂ ಒತ್ತಿ. ಎಲ್ಲೂ ಎಲುಬಿನ ಮೇಲೆ ನೋವಿಲ್ಲ, ನಡೆಯಲು ಆಗುತ್ತದೆ ಎಂದರೆ ಮುರಿತದ ಸಾಧ್ಯತೆ ಬಹಳ ಕಡಿಮೆ. ದುಡ್ಡೂ ಉಳಿಯಿತು. ಚಿಕ್ಕ ಮಕ್ಕಳಿಗೆ, ಕುಡಿದವರಿಗೆ, ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಈ ಲೆಕ್ಕ ಹಚ್ಚಬೇಡಿ.

"ಮೊಣಕಾಲು ಸವೆದಿದೆ ಅಂದಿದ್ದಾರೆ"

ಕೀಲಿನ ನಡುವಿನ ಕಪ್ಪು ಸಂದು ಖಾಲಿ ಜಾಗವಲ್ಲ. ಅಲ್ಲಿ ಮೃದು ಎಲುಬಿನ ಹೊದಿಕೆ ಇರುತ್ತದೆ, ಅದು ಎಕ್ಸ್‌ರೇಗೆ ಕಾಣುವುದಿಲ್ಲ, ಅಷ್ಟೇ. ಸಂದು ಕಿರಿದಾದರೆ ಹೊದಿಕೆ ತೆಳ್ಳಗಾಗಿದೆ. ಇದನ್ನು ನಿಂತು ತೆಗೆಸಬೇಕು. ಮಲಗಿ ತೆಗೆದರೆ ಸವೆದ ಕೀಲೂ ಅಗಲವಾಗಿ ಕಾಣಬಹುದು. ನಿಂತು ತೆಗೆದಿದ್ದಾರಾ ಎಂದು ಕೇಳಿ.

ವಯಸ್ಸಿನ ಸವೆತದಲ್ಲಿ ಸಂದು ಒಂದು ಬದಿ ಜಾಸ್ತಿ ಕಿರಿದಾಗುತ್ತದೆ, ಹೆಚ್ಚಾಗಿ ಒಳಬದಿ. ಅಂಚಿನಲ್ಲಿ ಕೊಕ್ಕಿನಂಥ ಎಲುಬು ಬೆಳೆಯುತ್ತದೆ, ಸಂದಿನ ಪಕ್ಕ ಎಲುಬು ಬೆಳ್ಳಗಾಗುತ್ತದೆ. ಕೀಲುವಾತದಲ್ಲಿ ಬೇರೆ: ಸಂದು ಎಲ್ಲ ಕಡೆ ಸಮವಾಗಿ ಕಿರಿದು, ಪಕ್ಕದ ಎಲುಬು ಮಸುಕು, ಅಂಚಿನಲ್ಲಿ ಇಲಿ ಕಚ್ಚಿದಂಥ ಗುಳಿ. ಬೆಳಿಗ್ಗೆ ಒಂದು ಗಂಟೆಗೂ ಮೀರಿ ಬಿಗಿತ, ಎರಡೂ ಕೈಯ ಬೆರಳುಗಳಲ್ಲಿ ಬಾವು ಇದ್ದರೆ ಫಿಲ್ಮ್ ಕೆಡುವ ತನಕ ಕಾಯದೆ ರಕ್ತ ಪರೀಕ್ಷೆ ಮಾಡಿಸಿ.

ಫಿಲ್ಮ್ ಎಷ್ಟು ಕೆಟ್ಟು ಕಂಡರೂ ನೋವು ಕಡಿಮೆ ಇರುವವರಿದ್ದಾರೆ. ಫಿಲ್ಮಿಗೆ ಆಪರೇಷನ್ ಮಾಡುವುದಿಲ್ಲ, ಮನುಷ್ಯರಿಗೆ ಮಾಡುವುದು.

"ಬೆನ್ನು, ಕೈಕಾಲು ಬಿಗೀತಿವೆ, ಎಲುಬು ಬಹಳ ಬೆಳ್ಳಗಿವೆ ಅಂತಾರೆ"

ಬೆಳ್ಳಗಿದ್ದರೆ ಗಟ್ಟಿ ಎಂದು ಜನ ಸಂತೋಷಪಡುತ್ತಾರೆ. ಯಾದಗಿರಿ, ಕಲಬುರಗಿ ಜಿಲ್ಲೆಗಳ ಕೆಲವು ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದೆ. ವರ್ಷಗಟ್ಟಲೆ ಅದನ್ನೇ ಕುಡಿದವರ ಬೆನ್ನೆಲುಬು, ಪಕ್ಕೆಲುಬು ಸೀಮೆಸುಣ್ಣದಂತೆ ಬೆಳ್ಳಗಾಗುತ್ತವೆ, ಒಳಗಿನ ಜಾಲರಿ ಮುಚ್ಚಿಹೋಗುತ್ತದೆ. ಮುಂಗೈಯ ಎರಡು ಎಲುಬಿನ ನಡುವಿನ ಪೊರೆಯಲ್ಲಿ ಮುಳ್ಳಿನಂಥ ಬಿಳಿ ಗೆರೆಗಳು ಬೆಳೆಯುತ್ತವೆ. ಇದು ಬಹಳ ಖಚಿತವಾದ ಗುರುತು. ಒಂದು ಮುಂಗೈ ಫಿಲ್ಮ್ ಸಾಕು.

ಇದರ ಜೊತೆ ಮನೆಯ ಮಕ್ಕಳ ಹಲ್ಲಿನ ಮೇಲೆ ಸುಣ್ಣದಂಥ ಅಥವಾ ಕಂದು ಪಟ್ಟಿ ಇದ್ದರೆ ಮೊದಲು ನೀರು ಪರೀಕ್ಷೆ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನಡಿಗೆ ಬಿಗಿದರೆ, ಕಾಲು ಜೋಮು ಹಿಡಿದರೆ ಬೆನ್ನುಹುರಿ ಒತ್ತಿರಬಹುದು, ನರರೋಗ ತಜ್ಞರಿಗೆ ತೋರಿಸಿ.

"ರಾತ್ರಿ ನೋವು ಜಾಸ್ತಿ, ಮಲಗಿದರೂ ಕಡಿಮೆ ಆಗ್ತಿಲ್ಲ"

ದುಡಿದ ನೋವು ಮಲಗಿದರೆ ಇಳಿಯುತ್ತದೆ. ಇಳಿಯದ ನೋವಿಗೆ ಬೇರೆ ಕಾರಣ ಇರುತ್ತದೆ. ಎಲುಬಿಗೆ ಕೀವು ಹತ್ತಿದರೆ ಮೊದಲ ಹತ್ತು ದಿನ ಫಿಲ್ಮ್ ಸುಮ್ಮನೆ ಇರುತ್ತದೆ. ಎಲುಬಿನ ಸುಣ್ಣ ಮೂರರಲ್ಲಿ ಒಂದು ಪಾಲಿಗೂ ಜಾಸ್ತಿ ಕರಗಿದ ಮೇಲೆಯೇ ಕಣ್ಣಿಗೆ ಬೀಳುವುದು. ಜ್ವರ ಇದ್ದರೆ ಫಿಲ್ಮಿಗೆ ಕಾಯಬೇಡಿ.

ಬೆನ್ನಿನಲ್ಲಿ ಎರಡು ಮಣಿಗಳ ನಡುವಿನ ಸಂದು ಕಳೆದು, ಎರಡರ ಅಂಚೂ ಮಸುಕಾಗಿ, ಮುಂಭಾಗ ಕುಸಿದಿದ್ದರೆ ಡಾಕ್ಟರ್ ಮೊದಲು ನೆನೆಯುವುದು ಟಿಬಿಯನ್ನು. ಸಂಜೆ ಜ್ವರ, ತೂಕ ಇಳಿಯುವುದು ಜೊತೆಗಿರಬಹುದು, ಇಲ್ಲದೆಯೂ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಪೂರ್ತಿ ತೆಗೆದುಕೊಂಡರೆ ವಾಸಿಯಾಗುತ್ತದೆ. ಹರೆಯದ ಹುಡುಗ ಹುಡುಗಿಯರಲ್ಲಿ ಮೊಣಕಾಲ ಹತ್ತಿರ ಗಂಟು, ಫಿಲ್ಮಿನಲ್ಲಿ ಎಲುಬಿನಿಂದ ಹೊರಗೆ ಸೂರ್ಯಕಿರಣದಂತೆ ಚಾಚಿದ ಬಿಳಿ ಗೆರೆ ಕಂಡರೆ ಒಂದು ದಿನವೂ ತಡ ಬೇಡ. ಆ ಗಂಟನ್ನು ಯಾರೂ ತಿಕ್ಕಬಾರದು, ಕೊಯ್ಯಬಾರದು. ನೇರ ಕ್ಯಾನ್ಸರ್ ನೋಡುವ ಆಸ್ಪತ್ರೆಗೆ ಕಳಿಸಲು ಕೇಳಿ.

"ಮತ್ತೆ ಮತ್ತೆ ಎಕ್ಸ್‌ರೇ ತೆಗೆದರೆ ತೊಂದರೆ ಇಲ್ವಾ?"

ಭೂಮಿ, ಆಕಾಶದಿಂದ ನಮ್ಮೆಲ್ಲರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ವಿಕಿರಣ ಅಳೆಯುವ ಮಾನ) ವಿಕಿರಣ ಬೀಳುತ್ತದೆ. ಕೈ ಅಥವಾ ಪಾದದ ಒಂದು ಎಕ್ಸ್‌ರೇ ಸುಮಾರು 0.001. ಕೆಲವು ಗಂಟೆಗಳಷ್ಟು. ಸೊಂಟದ ಬೆನ್ನೆಲುಬಿನದು ಜಾಸ್ತಿ, ಸುಮಾರು 1.5. ಅದನ್ನು ಸುಮ್ನೆ ಕೇಳಿ ತೆಗೆಸಬೇಡಿ. ಮುಟ್ಟು ತಪ್ಪಿದ್ದರೆ, ಬಸುರಿ ಇರಬಹುದು ಎಂಬ ಅನುಮಾನ ಇದ್ದರೂ ಸಾಕು, ಕೋಣೆಗೆ ಬರುವ ಮೊದಲೇ ಹೇಳಿ. ಅತ್ತೆ ಮಾವ ಎದುರಿಗಿದ್ದರೆ ನನ್ನಂಥವರ ಕಿವಿಯಲ್ಲಿ ಹೇಳಿ. ಮಗುವನ್ನು ಹಿಡಿದುಕೊಳ್ಳಲು ಬರುವ ತಾಯಂದಿರೂ ಹೇಳಬೇಕು, ಸೀಸದ ಏಪ್ರನ್ ಕೇಳಿ ಹಾಕಿಕೊಳ್ಳಬೇಕು.

"ಪ್ಲಾಸ್ಟರ್ ಹಾಕಿ ಎರಡು ವಾರ ಆಯ್ತು, ಗೆರೆ ಇನ್ನೂ ಅಗಲವಾಗಿದೆ"

ಗಾಬರಿ ಬೇಡ. ಕೂಡುವ ಮೊದಲು ಬಿರುಕಿನ ದಂಡೆ ಸ್ವಲ್ಪ ಕರಗುತ್ತದೆ, ಅದಕ್ಕೇ ಗೆರೆ ಅಗಲ ಕಾಣುತ್ತದೆ. ದೊಡ್ಡವರಲ್ಲಿ ಎರಡು ಮೂರು ವಾರಕ್ಕೆ ಸುತ್ತ ಮೋಡದಂಥ ಬಿಳಿ ಕಾಣತೊಡಗುತ್ತದೆ, ಮಕ್ಕಳಲ್ಲಿ ಇನ್ನೂ ಬೇಗ. ಅದು ಹೊಸ ಎಲುಬು. ಒಂದು ವಾರಕ್ಕೆ ಮತ್ತೆ ಫಿಲ್ಮ್ ತೆಗೆಸಿ ಎಂದು ಡಾಕ್ಟರ್ ಹೇಳಿದ್ದರೆ ತಪ್ಪಿಸಬೇಡಿ. ಬಾವು ಇಳಿದು ಪ್ಲಾಸ್ಟರ್ ಸಡಿಲವಾಗಿ ತುಂಡು ಜಾರುವುದು ಆಗಲೇ, ಆಗ ಗೊತ್ತಾದರೆ ಸರಿಪಡಿಸುವುದು ಸುಲಭ.

ಪ್ಲಾಸ್ಟರ್ ಹಾಕಿದ ಮೊದಲ ಎರಡು ದಿನ ಕೈಕಾಲು ಎದೆಗಿಂತ ಎತ್ತರ ಇಡಿ. ಗಂಟೆಗೊಮ್ಮೆ ಬೆರಳು ಆಡಿಸಿ ನೋಡಿ. ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಕೆಂಪು ಮರಳಬೇಕು. ಮರಳದಿದ್ದರೆ, ಬೆರಳು ಮರಗಟ್ಟಿದರೆ, ಗುಳಿಗೆ ನುಂಗಿದರೂ ನೋವು ಏರುತ್ತಲೇ ಇದ್ದರೆ ರಾತ್ರಿ ಎರಡು ಗಂಟೆಯಾದರೂ ಎಮರ್ಜೆನ್ಸಿಗೆ ಬನ್ನಿ, ಪ್ಲಾಸ್ಟರ್ ಬಿಚ್ಚಬೇಕು. ಬರುವಾಗ ಹಳೆಯ ಫಿಲ್ಮುಗಳನ್ನೆಲ್ಲ ತನ್ನಿ, ಮೊದಲ ದಿನದ್ದು ಮರೆಯದೆ.